ಬಿಚ್ಚಿಟ್ಟ ಮುಚ್ಚಳ

ಮಿಲ್ಲು, ಗ್ಯಾರೇಜು, ಆಲೆಮನೆ ಅಂತ ಸುತ್ತುತ್ತಾ, ಕೆಲಸ ಮಾಡುವಾಗ ಕೈಕಾಲು ಜೋಪಾನ ಎಂದು ಮೈಕಿನಲ್ಲಿ ಕೂಗುವ ಕೆಲಸ ಸ್ವಲ್ಪ ಕಾಲ ನನಗೆ ಸಿಕ್ಕಿತ್ತು. ಒಂದು ಕಡೆ ನಿಲ್ಲದ ನನ್ನ ಕಾಲಿಗೆ ಹೇಳಿ ಮಾಡಿಸಿದ್ದು.

ಪಾಂಡವಪುರದ ಹತ್ತಿರ ಒಂದು ಆಲೆಮನೆಯಲ್ಲಿ, ಬರೆದುಕೊಟ್ಟಿದ್ದನ್ನೆಲ್ಲ ಒದರಿ, ಕೊನೆಗೆ "ಯಾರಿಗಾದರೂ ಭಯವಿದ್ದರೆ ಧೈರ್ಯವಾಗಿ ಹೇಳಿ" ಅಂದೆ. ಎಲ್ಲ ಕಡೆಯೂ ಹೀಗೇ ಕೇಳುತ್ತಿದ್ದೆ, ಎಲ್ಲ ಕಡೆಯೂ ಜನ ಸುಮ್ಮನಿರುತ್ತಿದ್ದರು. ಇಲ್ಲಿ ಮಾತ್ರ ಗಾಣಕ್ಕೆ ಕಬ್ಬು ಕೊಡುತ್ತಿದ್ದ ಜಯಮ್ಮ ಬಾಯಿಬಿಟ್ಟಳು.

"ಗಾಣದ ಚಕ್ರಕ್ಕೆ ಮುಚ್ಚಳ ಇಲ್ಲ ಕಣಣ್ಣ. ಆಯುಧಪೂಜೇಲಿ ಕುಂಕುಮ ಇಡಾಕೆ ಬಿಚ್ಚಿದ್ದು, ತಿರ್ಗಾ ಮುಚ್ಚೇ ಇಲ್ಲ. ಮೊನ್ನೆ ಸೆರಗು ಎಳ್ಕೊಬುಡ್ತು."

ಮಾಲೀಕರು ನಕ್ಕರು. "ಪೂಜೆ ಮಾಡಿದ್ದೀವಲ್ಲಮ್ಮಿ, ಇನ್ನೇನಾಯ್ತದೆ? ಆಕಿಸ್ತೀನಿ ಬುಡು."

ಮುಂದಿನ ವಾರ ಕೆ.ಆರ್. ಪೇಟೆಗೆ ಹೋಗುವಾಗ, ಮುಚ್ಚಳ ನೋಡಿಕೊಂಡೇ ಹೋಗೋಣವೆಂದು ಇಳಿದೆ. ಚಕ್ರ ಬತ್ತಲೆಯಾಗಿಯೇ ತಿರುಗುತ್ತಿತ್ತು. ಕಬ್ಬು ಕೊಡುತ್ತಿದ್ದವಳು ಮಾತ್ರ ಬೇರೆ ಹೆಂಗಸು.

"ಜಯಮ್ಮ ಎಲ್ಲಿ?"

"ಕಳಿಸ್ಬುಟ್ಟೆ" ಅಂದರು ಮಾಲೀಕರು. "ಎದ್ರುಕೊಳ್ಳೋರ್ನ ಮಿಶಿನ್ ತಾವ ನಿಲ್ಸಿ, ನಾಳೆ ಎಚ್ಚುಕಮ್ಮಿ ಆದ್ರೆ? ಜೋಪಾನ ಜೋಪಾನ ಅಂತ ಬಡ್ಕೊಂಡೋರು ನೀವೇ ಅಲ್ವಾ ಸ್ವಾಮಿ? ಬೇಕಾರೆ ಇವಳ್ನ ಕೇಳಿ, ಏನಾರ ಭಯ ಅದಾ ಅಂತ."

ನಾನು ಕೇಳುವ ಮೊದಲೇ ಅವರೇ ಕೂಗಿ ಕೇಳಿದರು. ಆಕೆ ಸೆರಗನ್ನು ಸೊಂಟಕ್ಕೆ ಇನ್ನಷ್ಟು ಬಿಗಿಯಾಗಿ ಸಿಕ್ಕಿಸಿಕೊಂಡು, ಅವರ ಮುಖ ನೋಡಿ, "ಏನೂ ಇಲ್ಲ ಕಣಣ್ಣ" ಅಂದಳು.

ಹಾಗಾಗಿ ನಮ್ಮ ಪ್ರಚಾರ ಏನೂ ಮಾಡಲಿಲ್ಲ ಅನ್ನುವಂತಿಲ್ಲ. ಒಂದು ಆಲೆಮನೆಯಲ್ಲಾದರೂ ಭಯ ಪಡುವವರು ಯಾರೂ ಉಳಿದಿಲ್ಲ.