ಹಿಂದಿನ ಸೀಟಿನ ತಂಪು

ಮೊನ್ನೆ ಹೊಸಪೇಟೆಯಲ್ಲಿ ಬಾಡಿಗೆ ಕಾರು ಹತ್ತಿದೆ. ಡ್ರೈವರ್ ಏಸಿ ಹಾಕಿದ ಕೂಡಲೇ ಮುಗ್ಗುಲು ವಾಸನೆಯೊಂದು ಮೂಗಿಗೆ ಬಡಿಯಿತು. ಹಸಿ ಧೂಳು, ರಬ್ಬರು... ಸಂಡೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮಾಮನ ಅಂಬಾಸಿಡರ್ ನೆನಪಾಯಿತು.

ಮಾಮ ಗಣಿಯ ದೊಡ್ಡ ಲಾರಿಗಳ ಮೆಕ್ಯಾನಿಕ್ ಆಗಿದ್ದವರು. ಅವರ ಹೆಂಡತಿ, ನಾವೆಲ್ಲ ಅತ್ತೆ ಎನ್ನುತ್ತಿದ್ದವರು, ಉಬ್ಬಸದಿಂದ ಹಾಸಿಗೆ ಹಿಡಿದಿದ್ದರು. ಕಮಲಾಪುರದ ಅಕ್ಕನನ್ನು ಒಮ್ಮೆ ನೋಡಬೇಕೆಂಬುದೊಂದೇ ಅವರ ಆಸೆ. ಕಾರಿನ ಗಾಜು ಇಳಿಸಿದರೆ ಅದಿರಿನ ಕೆಂಪು ಧೂಳು, ಏರಿಸಿದರೆ ಜೀವ ಹಿಂಡುವ ಸೆಕೆ. ಏಸಿ ಇರುವ ಕಾರನ್ನೇ ಬಾಡಿಗೆಗೆ ತರಬಹುದಲ್ಲ ಎಂದು ನಾನು ಕೇಳಿದೆ. ಮಾಮ ನನ್ನ ಮುಖ ನೋಡಿ, ಪಾನಾ ಎತ್ತಿಕೊಂಡು ಕಾರಿನ ಕಡೆಗೆ ನಡೆದುಬಿಟ್ಟರು. ಕೇಳಬಾರದ್ದನ್ನೇನು ಕೇಳಿದೆನೋ, ನನಗಂತೂ ತಿಳಿಯಲಿಲ್ಲ.

ಗುಜರಿಗೆ ಬಿದ್ದ ಗಣಿ ಲಾರಿಯ ಏಸಿ ತಂದರು. ಡಿಕ್ಕಿ ಕೊಯ್ದರು, ಪೈಪು ಎಳೆದರು, ಇಂಜಿನ್ನಿಗೆ ಇನ್ನೊಂದು ಬೆಲ್ಟು ಕಟ್ಟಿದರು. ಗಣಿ ಲಾರಿಯ ಕ್ಯಾಬಿನ್ನು ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದಂತೆ. ಅದು ಮಹಡಿಯಷ್ಟು ಎತ್ತರ, ರಸ್ತೆಯ ಧೂಳು ಅಲ್ಲಿಗೆ ಅಷ್ಟಾಗಿ ಏರುವುದಿಲ್ಲ, ನಡೆಯುತ್ತದೆ. ಮಾಮ ಅದೇ ರೂಢಿಯಲ್ಲಿ ಡಿಕ್ಕಿಯ ಕೆಳಗೊಂದು ತೂತು ಕೊರೆದುಬಿಟ್ಟಿದ್ದರು. ಪರೀಕ್ಷೆಗೆಂದು ಹೊರಟಾಗ ನಾನೂ ಕೂತಿದ್ದೆ. ಮುಂದೆ ಅದಿರಿನ ಲಾರಿ ಸಿಕ್ಕಿತು ನೋಡಿ, ಅಯ್ಯೋ ಶಿವನೇ, ಕೆಂಪು ಧೂಳೆಲ್ಲ ತಣ್ಣಗಾಗಿ ಮುಖಕ್ಕೇ ರಾಚಿತು. ಅತ್ತೆ ಜೊತೆಗಿರಲಿಲ್ಲ, ನಮ್ಮ ಪುಣ್ಯ.

ತೂತು ಮುಚ್ಚಿದ ಮೇಲೆ ಅತ್ತೆಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಕಮಲಾಪುರಕ್ಕೆ ಹೋಗಿಬಂದರು. ಅತ್ತೆ ಅಕ್ಕನ ಮನೆಯಲ್ಲಿ ಹೊಟ್ಟೆತುಂಬ ಉಂಡರಂತೆ, ನಕ್ಕರಂತೆ... ಆ ತಿಂಗಳಲ್ಲೇ ತೀರಿಕೊಂಡರು.

ದಿನಕರ್ಮಗಳು ಮುಗಿದ ಮೇಲೆ ಒಂದು ಮಧ್ಯಾಹ್ನ ಮಾಮ ನನ್ನನ್ನು ಕರೆದು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿದರು. ಕಾರು ಮನೆ ಮುಂದೆಯೇ ನಿಂತಿತ್ತು. ಸ್ಟೇರಿಂಗ್ ಹಿಡಿದು ಕೂತು ಏಸಿ ಹಾಕಿದರು.

"ಹಿಂದ ತಂಪು ಬರ್ತೈತೇನವ್ವ?"

"ಬರ್ತೈತ್ರಿ ಮಾಮ."

"ಆಕೀನೂ ಹಂಗ ಅಂದ್ಲು. ದಾರಿ ಉದ್ದಕ್ಕೂ ಕೇಳ್ದೆ, ಹೂಂ ಹೂಂ ಅಂದ್ಲು. ನನ್ನ ಸಮಾಧಾನಕ್ಕ ಅಂದ್ಲೇನೋ... ನೀ ಖರೇ ಹೇಳು."

ನಾನು ಖರೆಯನ್ನೇ ಹೇಳಿದ್ದೆ. ಮೈ ನಡುಗುವಷ್ಟು ತಂಪಿತ್ತು. ಮತ್ತೆ ಅದನ್ನೇ ಹೇಳಿದೆ. ಮಾಮ ಹಿಂದಿರುಗಿ ನೋಡಲಿಲ್ಲ. ತಾವೇ ಒಂದು ಸಲ ಹಿಂದೆ ಬಂದು ಕೂತು ನೋಡಬಹುದಿತ್ತಲ್ಲ, ಯಾಕೆ ಕೂರಲಿಲ್ಲ? ಎಷ್ಟು ಯೋಚಿಸಿದರೂ ನನಗಿದು ಬಗೆಹರಿಯುವುದಿಲ್ಲ.

ಈಗ ಮಾಮನೂ ಇಲ್ಲ, ಕೇಳೋಣವೆಂದರೆ. ನನ್ನ ಮಾತನ್ನೂ ಸಮಾಧಾನದ ಮಾತೆಂದೇ ತಿಳಿದುಕೊಂಡು ಹೋದರೇನೋ...