ರವದಿಯ ಹುರಿಯ ಮೇಲೆ ಹದಿನೈದು ಪಟ್ಟಿಗಳು

ಕೊರೊನಾ ಕಾಲ ಕಳೆದು ತರಗತಿಗಳು ಮತ್ತೆ ತುಂಬಿಕೊಂಡ ವರ್ಷ ನಾನು ಬೇಡಕಿಹಾಳದ ಸಮೀಪದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಶಿಕ್ಷಕನಾಗಿದ್ದೆ. ಸಂಗೀತ ಶಿಕ್ಷಕರ ಹುದ್ದೆ ಖಾಲಿ ಇದ್ದುದರಿಂದ ಶಾಲಾ ಬ್ಯಾಂಡಿನ ಹೊಣೆಯೂ ನನ್ನ ಹೆಗಲಿಗೇ ಬಂದಿತ್ತು. ತರಬೇತಿ ಕಾಲೇಜಿನ ಎರಡು ವರ್ಷಗಳಲ್ಲಿ ಝೈಲೋಫೋನ್ ನುಡಿಸಲು ಕಲಿತಿದ್ದುದೊಂದೇ ಈ ವಿಷಯದಲ್ಲಿ ನನಗಿದ್ದ ಅರ್ಹತೆ.

ಹಳೆಯ ವಿದ್ಯಾರ್ಥಿಯೊಬ್ಬರು ಕಾಣಿಕೆ ಕೊಟ್ಟ ಝೈಲೋಫೋನೊಂದು ನಮ್ಮ ಕಪಾಟಿನಲ್ಲಿತ್ತು. ಉದ್ದದಿಂದ ಗಿಡ್ಡಕ್ಕೆ ಇಳಿಯುವ ಹದಿನೈದು ಮರದ ಪಟ್ಟಿಗಳು. ಎರಡು ಸಪ್ತಕದ ಸ್ವರಗಳು. ಪ್ರತಿ ಪಟ್ಟಿಯ ಎರಡೂ ತುದಿಗಳ ಬಳಿ ಒಂದೊಂದು ರಂಧ್ರ. ಅವುಗಳಲ್ಲಿ ಪೋಣಿಸಿದ ಪ್ಲಾಸ್ಟಿಕ್ ದಾರದ ಮೇಲೆ ಪಟ್ಟಿಗಳು ತೂಗುತ್ತಿರುತ್ತವೆ. ಗುಂಡುತಲೆಯ ಎರಡು ಕೋಲುಗಳಿಂದ, ಅಂದರೆ ಮ್ಯಾಲೆಟ್‌ಗಳಿಂದ, ಅವನ್ನು ನುಡಿಸಬೇಕು. ನಮ್ಮ ಸಂಸ್ಥೆಯದೇ ಆದ ರಾಯಬಾಗದ ಶಾಲೆ ಈ ವಾದ್ಯವನ್ನು ಕೇಳಿತ್ತು. ಮುಖ್ಯೋಪಾಧ್ಯಾಯಿನಿಯವರು ನನ್ನನ್ನು ಕರೆದು, "ಗ್ಯಾದರಿಂಗ್‌ದಾಗ ನಮ್ಮ ಹುಡುಗರು ಯಾರರ ಬಾರಿಸಿದ್ರ ಇರ್ಲಿ, ಇಲ್ಲಂದ್ರ ಕೊಟ್ಟಬಿಡೂಣ್ರಿ ಸರ. ಕಪಾಟಿನ್ಯಾಗ ಇಟ್ಟ ಪೂಜಿ ಮಾಡೋದೇನೈತಿ?" ಎಂದರು. ಗ್ಯಾದರಿಂಗ್ ಎಂದರೆ ನಮ್ಮ ಕಡೆ ಶಾಲೆಯ ವಾರ್ಷಿಕೋತ್ಸವ.

ಕಲಿಯಲು ಮುಂದೆ ಬಂದವಳು ಒಂಬತ್ತನೆಯ ತರಗತಿಯ ಶ್ರಾವಣಿ. ಹೋಳಿಯಲ್ಲಿ ಅಣ್ಣಂದಿರ ಕೈಯಿಂದ ಚರ್ಮದ ಹಲಗಿ ಕಸಿದುಕೊಂಡು ಬಾರಿಸುತ್ತಿದ್ದ ಹುಡುಗಿ. ಅವಳ ಅಜ್ಜ ಅಣ್ಣಪ್ಪ ಮುತ್ಯಾ ಸುತ್ತಲಿನ ಊರುಗಳಲ್ಲಿ ಹೆಸರಾದ ಹಲಗಿವಾದಕ. ಮೊದಲ ದಿನವೇ ಅವರು ಕಿಟಕಿಯಲ್ಲಿ ಇಣುಕಿದರು.

"ಚರ್ಮ ಇಲ್ಲದ್ದು ಎಂಥಾ ವಾದ್ಯಾರಿ ಸರ? ಕಟಗಿ ಬಡದ್ರ ಬಡಿಗ್ಯಾರ ಮನಿ ಸಪ್ಪಳ ಬರ್ತೈತಿ!"

"ಮುತ್ಯಾ, ನೀ ಮನೀಗ್ ಹೋಗ. ನನ್ನ ಮರ್ಯಾದಿ ತಗೀಬ್ಯಾಡ," ಎಂದಳು ಮೊಮ್ಮಗಳು.

ಶ್ರಾವಣಿಯ ಬಲಗೈ ಚುರುಕಾಗಿತ್ತು. ಎಡಗೈಯದೇ ತೊಡಕು. ಹಲಗಿಯಲ್ಲಿ ಎಡಗೈಯ ತೆಳುಕಡ್ಡಿ ಚರ್ಮಕ್ಕೆ ಅಂಟಿಕೊಂಡೇ ಆಡುತ್ತದೆ. ಆ ಅಭ್ಯಾಸದಿಂದ ಅವಳ ಎಡಗೈ ಮ್ಯಾಲೆಟ್ ಪಟ್ಟಿಯ ಮೇಲೆಯೇ ಕುಳಿತುಬಿಡುತ್ತಿತ್ತು. ಹಾಗೆ ಕುಳಿತರೆ ಮರ ಕಂಪಿಸಲಾರದು. ಸ್ವರ ಹುಟ್ಟಿದಲ್ಲಿಯೇ ಸಾಯುತ್ತದೆ. ನಾನು ನಿಯಮವನ್ನು ಕ್ರಮಬದ್ಧವಾಗಿ ವಿವರಿಸಿದೆ: "ಆಘಾತದ ತರುವಾಯ ಮ್ಯಾಲೆಟ್ ತತ್‌ಕ್ಷಣವೇ ಊರ್ಧ್ವಮುಖವಾಗಿ ಹಿಂದಿರುಗತಕ್ಕದ್ದು."

ಅವಳು ಕಣ್ಣರಳಿಸಿ, "ಸರ, ಕನ್ನಡದಾಗ ಹೇಳ್ರಿ," ಎಂದಳು.

ಕನ್ನಡ ಶಿಕ್ಷಕನಿಗೆ ಅದಕ್ಕಿಂತ ದೊಡ್ಡ ಪರೀಕ್ಷೆ ಬೇರಿಲ್ಲ. ನಾನು ಮಾತು ಬಿಟ್ಟು ನುಡಿಸಿ ತೋರಿಸಿದೆ. ಅವಳು ನನ್ನ ಮಣಿಕಟ್ಟನ್ನೇ ದಿಟ್ಟಿಸಿ, "ಓಹೋ, ಕಾದ ಹಂಚ ಮುಟ್ಟಿದಂಗ ಏನ್ರಿ?" ಎಂದು ನಕ್ಕಳು. ಅಂದಿನಿಂದ ಎಡಗೈ ಬಿಡಿಸಿಕೊಳ್ಳತೊಡಗಿತು. ಸರಳ ಅಲಂಕಾರಗಳಿಂದ ಅವಳು 'ರೋಲ್'ಗೆ ಬಂದಳು. ಮರದ ನಾದ ಬೇಗ ಆರುವುದರಿಂದ, ದೀರ್ಘ ಸ್ವರ ಬೇಕಾದಾಗ ಎರಡೂ ಕೈಗಳಿಂದ ಒಂದೇ ಪಟ್ಟಿಯನ್ನು ಅತಿವೇಗವಾಗಿ ನುಡಿಸುವುದಕ್ಕೆ ರೋಲ್ ಎನ್ನುತ್ತಾರೆ. ಹಲಗಿಯ ಕೈಗೆ ಅದು ಆಟದಂತಿತ್ತು. ಚಳಿಗಾಲ ಬರುವಷ್ಟರಲ್ಲಿ ದುರ್ಗಾ ರಾಗದ ಒಂದು ಚಿಕ್ಕ ಧುನ್ ಸಿದ್ಧವಾಯಿತು. ಅದರ ಕೊನೆಗೆ ಹಲಗಿಯ ನಡೆಯೊಂದನ್ನು ಅವಳೇ ಸೇರಿಸಿದಳು. ನನ್ನ ಪಾಠಕ್ರಮದಲ್ಲಿ ಅದಿರಲಿಲ್ಲ. ಆದರೂ ತೆಗೆಸಲು ಮನಸ್ಸು ಬರಲಿಲ್ಲ.

ಗ್ಯಾದರಿಂಗ್‌ನ ಹಿಂದಿನ ದಿನ ವಾದ್ಯವನ್ನು ಅಭ್ಯಾಸಕ್ಕೆಂದು ಅವಳ ಮನೆಗೆ ಕಳುಹಿಸಿದೆ. ಮರುದಿನ ಬೆಳಿಗ್ಗೆ ಅವಳ ತಂದೆ ಕಾರ್ಖಾನೆಗೆ ಕಬ್ಬು ಒಯ್ಯುತ್ತಿದ್ದ ಟ್ರ್ಯಾಕ್ಟರನ್ನು ಶಾಲೆಯ ಮುಂದೆ ನಿಲ್ಲಿಸಿದರು. ಮುತ್ಯಾ ಧೋತರದಲ್ಲಿ ಸುತ್ತಿದ್ದ ವಾದ್ಯವನ್ನು ಕೂಸಿನಂತೆ ಎತ್ತಿ ಇಳಿಸಿದರು. ಶ್ರಾವಣಿ ಮ್ಯಾಲೆಟ್ ಎತ್ತಿ ಷಡ್ಜವನ್ನು ಮುಟ್ಟಿದಳು. 'ಟಪ್' ಎಂದಿತು. ಪಂಚಮವೂ 'ಟಪ್'. ಹದಿನೈದೂ ಪಟ್ಟಿಗಳು ಚೌಕಟ್ಟಿನೊಳಗೆ ಕುಸಿದು ಒಂದರ ಮೇಲೊಂದು ಒರಗಿದ್ದವು.

"ಏನಾತ್ರಿ ಇದಕ್ಕ?" ಎಂದೆ.

"ನಾ ಬರೋಬರಿ ಕಾಸೀನಲ್ರಿ!" ಮುತ್ಯಾ ಗಾಬರಿಯಾದರು. "ಥಂಡಿಗೆ ಹಲಗಿ ಮೆತ್ತಗ ಆಗ್ತೈತಿ. ಬೆಂಕಿಗ ಹಿಡದ್ರ ಖಣ್ ಅಂತೈತಿ. ಕೂಸಿನ ವಾದ್ಯ ಹಿಂದ ಬೀಳಬಾರ್ದಂತ ನಸಕಿನ್ಯಾಗ ಎದ್ದ ಕಾಸೀನ್ರಿ ಸರ."

ಚರ್ಮ ಕಾದರೆ ಬಿಗಿಯಾಗುತ್ತದೆ. ಪ್ಲಾಸ್ಟಿಕ್ ದಾರ ಕಾದರೆ ಜೋತುಬೀಳುತ್ತದೆ. ಬಡಿಗ್ಯಾರ ಮನೆಯ ಸಪ್ಪಳವೆಂದು ಗೇಲಿ ಮಾಡಿದ್ದ ಅಜ್ಜ ಅದನ್ನು ವಾದ್ಯವೆಂದು ಒಪ್ಪಿಕೊಂಡ ಬೆಳಗೇ ಅದು ಮೂಕವಾಗಿತ್ತು. ಕಾರ್ಯಕ್ರಮಕ್ಕೆ ಒಂದೇ ತಾಸು ಉಳಿದಿತ್ತು. ವಾದ್ಯಕ್ಕಾಗಿ ಬಂದಿದ್ದ ರಾಯಬಾಗದ ಶಿಕ್ಷಕರು ಆಗಲೇ ಚಹಾ ಕುಡಿಯುತ್ತ ಕುಳಿತಿದ್ದರು. ನಿಪ್ಪಾಣಿಗೆ ಹೋಗಿ ದಾರ ತರಲು ಸಮಯವಿರಲಿಲ್ಲ.

ಶ್ರಾವಣಿ ಅಳಲಿಲ್ಲ. ಒಂದು ಪಟ್ಟಿಯನ್ನು ಕಳಚಿ, ರಂಧ್ರಗಳಿರುವ ಜಾಗದಲ್ಲಿ ಎರಡು ಬೆರಳುಗಳ ಮೇಲೆ ಇಟ್ಟುಕೊಂಡು ಮೆಲ್ಲಗೆ ತಟ್ಟಿದಳು. ಅದು ಹಾಡಿತು.

"ಸರ, ತೂತಿನ ಜಾಗಾದಾಗ ಮರ ನಡುಗೂದಿಲ್ಲ, ಅಲ್ಲೇ ಆಸರ ಕೊಡಬೇಕು ಅಂತ ನೀವ ಹೇಳಿದ್ರಲ್ಲ? ದಾರನ ಯಾಕ ಬೇಕು? ಮೆತ್ತಂದ ಏನರ ಇದ್ರ ಸಾಕಲ್ರಿ?"

ನಾನು ಸುತ್ತ ನೋಡಿದೆ. ಅವಳು ಆಗಲೇ ಟ್ರ್ಯಾಕ್ಟರಿನ ಕಡೆ ನೋಡುತ್ತಿದ್ದಳು. ಕಬ್ಬಿನ ಹೊರೆಯಲ್ಲಿ ಒಣಗಿದ ಗರಿ, ನಮ್ಮ ಕಡೆಯ ಮಾತಿನಲ್ಲಿ ರವದಿ, ತೂಗಾಡುತ್ತಿತ್ತು.

"ಮುತ್ಯಾ, ಹುರಿ ಹೊಸಿ! ಎರಡ ಸಾಕು."

"ಹತ್ತ ಹೊಸೀತೀನ ಬೇ!" ಎಂದು ಮುತ್ಯಾ ಅಲ್ಲಿಯೇ ಕುಕ್ಕರಗಾಲಿನಲ್ಲಿ ಕುಳಿತರು. ನಾನು ರವದಿಗೆ ನೀರು ಚಿಮುಕಿಸಿ ಕೊಟ್ಟೆ, ಅವರು ಹೊಸೆದರು. ವೇದಿಕೆಯ ಮೇಜಿನ ಮೇಲೆ ಎರಡು ಹುರಿಗಳನ್ನು ಉದ್ದ ಪಟ್ಟಿಗಳ ಕಡೆ ಅಗಲವಾಗಿ, ಗಿಡ್ಡ ಪಟ್ಟಿಗಳ ಕಡೆ ಕಿರಿದಾಗಿ ಹಾಸಿ, ಪಟ್ಟಿಗಳನ್ನು ಸ್ವರಕ್ರಮದಲ್ಲಿ ಜೋಡಿಸಿದೆವು.

ಅವಳ ಹೆಸರು ಕೂಗಿದಾಗ ನಾನೂ ಅವಳ ಪಕ್ಕದಲ್ಲಿ ನಿಂತೆ. ಪಟ್ಟಿ ಜಾರಿದರೆ ಹಿಡಿಯಲು, ತಾಳ ತಪ್ಪಿದರೆ ಎಣಿಸಲು. ಅವಳು ನನ್ನತ್ತ ಬಾಗಿ ಪಿಸುಗುಟ್ಟಿದಳು: "ಸರ, ನೀವು ಕೆಳಗ ಹೋಗಿ ಕುಂದರ್ರಿ. ನೀವು ಇಲ್ಲಿದ್ರ ನನಗ ನಗಿ ಬರ್ತೈತಿ."

ನಾನು ಇಳಿದು ಮುತ್ಯಾರ ಪಕ್ಕದಲ್ಲಿ ಕುಳಿತೆ. ದುರ್ಗಾದ ಮೊದಲ ಸ್ವರ ಎದ್ದಿತು. ಚೌಕಟ್ಟಿನಲ್ಲಿದ್ದಾಗಿನ ಚೂಪು ಅದಕ್ಕಿರಲಿಲ್ಲ. ದುಂಡಗೆ, ಬೆಚ್ಚಗೆ ಹೊಮ್ಮಿತು. ಎಡಗೈ ಪಟ್ಟಿಯನ್ನು ಮುಟ್ಟಿ ಮುಟ್ಟಿ ಹಾರುತ್ತಿತ್ತು. ಕೊನೆಯ ಹಲಗಿ ನಡೆ ಬಂದಾಗ ಮುತ್ಯಾರ ಬೆರಳುಗಳು ನನ್ನ ತೊಡೆಯ ಮೇಲೆಯೇ ಬಾರಿಸತೊಡಗಿದವು. ಸಭೆ "ವನ್ಸ್ ಮೋರ್!" ಎಂದು ಕೂಗಿತು. ರಾಯಬಾಗದ ಶಿಕ್ಷಕರು ಎದ್ದುನಿಂತು ಚಪ್ಪಾಳೆ ತಟ್ಟಿ, ಮುಖ್ಯೋಪಾಧ್ಯಾಯಿನಿಯವರ ಕಡೆ ತಿರುಗಿ, "ವಾದ್ಯ ನಿಮಗ ಇರ್ಲಿ ಮೇಡಂ. ಈ ಹುಡುಗೀನ್ನ ಕೊಡ್ತೀರೇನು?" ಎಂದರು.

ಸೇವೆಯಿಂದ ನಾನೀಗ ಸ್ವಯಂನಿವೃತ್ತಿ ಪಡೆದಿದ್ದೇನೆ. ಹೊಸ ದಾರ ಪೋಣಿಸಿದ ಆ ಝೈಲೋಫೋನ್ ಇಂದಿಗೂ ಅದೇ ಶಾಲೆಯಲ್ಲಿದೆ. ಮುಟ್ಟಿದ ಮರುಕ್ಷಣವೇ ಕೈಯೆತ್ತಬೇಕು, ಆಗ ಮಾತ್ರ ಮರ ಹಾಡುತ್ತದೆ ಎಂದು ತಿಂಗಳುಗಟ್ಟಲೆ ಅವಳಿಗೆ ಕಲಿಸಿದವನು ನಾನು. ಶಿಕ್ಷಕನ ಕೈಗೂ ಅದೇ ನಿಯಮವೆಂದು ನನ್ನ ವೃತ್ತಿ ನನಗೆ ಕಲಿಸಿದ್ದು ಮಾತ್ರ ವೇದಿಕೆಯ ಆ ಮೂರು ಮೆಟ್ಟಿಲುಗಳನ್ನು ಇಳಿದಾಗ.