ಒಂದು ಮನೆ, ಎರಡು ಸೂಟಿ

ನಮ್ಮ ಮನೆಯಲ್ಲಿ ಇದ್ದವರು ಇಬ್ಬರೇ. ಆದರೆ ವಾರದ ಸೂಟಿ ಎರಡಿದ್ದವು.

ನಿಜಾಮರ ಕಾಲದಲ್ಲಿ ಶುಕ್ರವಾರವೇ ಎಲ್ಲರಿಗೂ ಸೂಟಿ. ಪೊಲೀಸ್ ಆಕ್ಷನ್ ಆದ ಮೇಲೆ ಹೊಸ ಸರಕಾರ ಅದನ್ನು ಎತ್ತಿ ರವಿವಾರಕ್ಕೆ ಇಟ್ಟಿತು. ಕಚೇರಿ, ಕೋರ್ಟು, ಶಾಲೆಗಳೆಲ್ಲ ತಲೆಬಾಗಿದವು. ವಾಡಿಯಿಂದ ರಾವೂರಿಗೆ ಹೋಗುವ ಹಾದಿಯಲ್ಲಿದ್ದ ಒಂದು ಫರಸಿ ಕಲ್ಲಿನ ಖಣಿ ಮಾತ್ರ ಬಾಗಲಿಲ್ಲ. ಕಲ್ಲು ಎಬ್ಬಿಸುವವರಲ್ಲಿ ಅರ್ಧ ಮಂದಿ ಶುಕ್ರವಾರ ನಮಾಜಿಗೆ ಹೋಗುವವರು; ಅವರಿಲ್ಲದೆ ಉಳಿದರ್ಧ ಮಂದಿಯಿಂದ ಕಲ್ಲು ಏಳುತ್ತಿರಲಿಲ್ಲ. ಆ ಖಣಿಯ ಲೆಕ್ಕ ಬರೆಯುವ ಮುನ್ಷಿ ನಾನು. ಮಗಳು ಹೊಸದಾಗಿ ತೆರೆದ ಕನ್ನಡ ಶಾಲೆಗೆ ಹೋಗುವಾಕಿ. ಹೀಗಾಗಿ ಶುಕ್ರವಾರ ನಾನು ಕಟ್ಟೆಯ ಮೇಲೆ ಕುಂತು ಅವಳ ಹಾದಿ ಕಾಯುತ್ತಿದ್ದೆ. ರವಿವಾರ ಅದೇ ಕಟ್ಟೆಯ ಮೇಲೆ ಕುಂತು ಅವಳು ನನ್ನ ಹಾದಿ ಕಾಯುತ್ತಿದ್ದಳು. ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿತು. ನಮ್ಮ ಮನೆಯ ಸೂಟಿಗಳು ಸೇರಲಿಲ್ಲ.

ಅವಳ ತಾಯಿ ತೀರಿಹೋಗಿದ್ದಳು. ಅಡಿಗೆ ನನ್ನದು, ಅದನ್ನು ಉಂಡು ಸುಮ್ಮನಿರುವ ಕಷ್ಟ ಅವಳದು. ಬೇಸಿಗೆಯಲ್ಲಿ ಶಾಲೆ ಮುಚ್ಚಿದಾಗ ಮಾತ್ರ ಶುಕ್ರವಾರ ನಮ್ಮಿಬ್ಬರದೂ ಆಗುತ್ತಿತ್ತು. ಆ ದಿನ ನಾವು ವಾಡಿ ಸ್ಟೇಷನ್ನಿಗೆ ಹೋಗಿ, ಗಾಡಿಗಳು ಬರುವುದನ್ನೂ ಹೋಗುವುದನ್ನೂ ರೈಲ್ವೆ ಇಲಾಖೆಯ ತನಿಖಾಧಿಕಾರಿಗಳಂತೆ ನೋಡಿ, ಚುರಮುರಿ ತಿಂದು ಬರುತ್ತಿದ್ದೆವು. ಇಂಥ ಐದಾರು ಶುಕ್ರವಾರಗಳಿಗಾಗಿ ನಾನು ವರ್ಷವಿಡೀ ಕಾಯುತ್ತಿದ್ದೆ. ಆ ವರ್ಷ ಅವುಗಳ ಮೇಲೇ ಶಾಲೆಯ ಕಣ್ಣು ಬಿತ್ತು.

ಅವಳ ಶಾಲೆಯ ಅಕ್ಕೋರು ಸ್ವತಃ ಮನೆಗೆ ಬಂದರು. ಚಿಂಚೋಳಿಯಲ್ಲಿ ಬಾಲಕಿಯರ ಬೇಸಿಗೆ ಶಿಬಿರ ನಡೆಯುವುದಿತ್ತು.

"ಕಳಸ್ರಿ. ಈ ಹುಡುಗಿ ನಗೂದೇ ಕಡಿಮಿ ಆಗ್ಯಾದ. ನಾಕು ಹುಡುಗೇರ ಜೋಡಿ ಇದ್ದು ಬರಲಿ."

"ಮನ್ಯಾಗ ನಾ ಇಲ್ಲೇನ್ರಿ?" ಎಂದೆ.

ಅಕ್ಕೋರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಇದ್ದೀರಲ್ರಿ. ಅದಕ್ಕs ಹೇಳಲಿಕತ್ತೀನಿ."

ಮಗಳು ಕಂಬ ಹಿಡಿದು ನಿಂತು ಕೇಳಿದಳು, "ಅಪ್ಪಾ, ಬ್ಯಾಸರಾದ್ರ?"

"ಸೂಟಿ ದಿನ ಬರ್ತೀನಿ. ಬ್ಯಾಸರಾಗಿದ್ರ ಅವತ್ತೇ ಕರಕೊಂಡು ಬರ್ತೀನಿ, ನಮ್ಮವ್ವಾ."

ಆ ಮಾತಿನ ಮೇಲೆ ಅವಳು ಹೋದಳು. ಹೋದ ಮೇಲೆ ಮನೆ ಭಾಳ ಶಿಸ್ತಿಗೆ ಬಂತು. ಇಟ್ಟ ವಸ್ತು ಇಟ್ಟಲ್ಲೇ ಇರುತ್ತಿತ್ತು. ಯಾರೂ ನೀರು ಚೆಲ್ಲಲಿಲ್ಲ. ಸಂಜೆ ಖಣಿಯಿಂದ ಬಂದು, ಇಂಥ ಮಾದರಿ ಗೃಹವನ್ನು ನೋಡಲಾರದೆ ಮತ್ತೆ ಸ್ಟೇಷನ್ನಿಗೆ ಹೋಗಿ ಕೂಡುತ್ತಿದ್ದೆ. ಗಾಡಿ ಬಂದರೆ ಅದು ಬಂತೆಂದು ಹೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ನಿಜ ಹೇಳಬೇಕೆಂದರೆ, ಅವಳಿಗೆ ಬ್ಯಾಸರ ಆಗಲಿ ಎಂದು ನಾನು ದಿನಾಲು ಲಿಂಗಪೂಜೆಯಲ್ಲಿ ಬೇಡಿಕೊಳ್ಳುತ್ತಿದ್ದೆ. ಬಾಯಲ್ಲಿ ಮಾತ್ರ ಅವಳ ಕಲ್ಯಾಣದ ಮಾತೇ ಇರುತ್ತಿತ್ತು.

ಶುಕ್ರವಾರ ಬಂತು. ಪಕ್ಕದ ಮನೆಯ ಮುದುಕಿಯಿಂದ ಶೇಂಗಾ ಹೋಳಿಗೆ ಮಾಡಿಸಿಕೊಂಡು ಮುಂಜಾನೆಯ ಗಾಡಿ ಹತ್ತಿದೆ. ಚಿತ್ತಾಪುರ ದಾಟಿ ಸೇಡಂನಲ್ಲಿ ಇಳಿದು, ಅಲ್ಲಿಂದ ಮೋಟಾರಿನಲ್ಲಿ ಚಿಂಚೋಳಿ. ಮಗಳ ಬಟ್ಟೆಯ ಗಂಟು ತರುವುದಕ್ಕೆ ಒಂದು ಖಾಲಿ ಚೀಲವನ್ನೂ ಒಯ್ದಿದ್ದೆ.

ಶಿಬಿರ ನಡೆದಿದ್ದ ಶಾಲೆಯ ಅಂಗಳದಲ್ಲಿ ಬೇರೆ ಒಬ್ಬ ಪಾಲಕನೂ ಇಲ್ಲ. ಜಗತ್ತಿನ ತಂದೆಯರೆಲ್ಲ ಎಷ್ಟು ಕಲ್ಲುಮನಸ್ಸಿನವರೆಂದು ಮರುಗುತ್ತ ಬೇವಿನ ಗಿಡದ ನೆರಳಿಗೆ ನಿಂತೆ. ಒಳಗಿನಿಂದ ಯಾರೋ ಹೋಗಿ ಮಗಳಿಗೆ ಹೇಳಿದರು. ಅವಳು ಬಾಗಿಲಿಗೆ ಓಡಿಬಂದವಳು ನನ್ನನ್ನು ಕಂಡು ಅಲ್ಲೇ ನಿಂತುಬಿಟ್ಟಳು. ಕೈತುಂಬ ಜೋಳದ ಹಿಟ್ಟು. ಮುಖ ಅದಕ್ಕಿಂತ ಬೆಳ್ಳಗಾಗಿತ್ತು.

"ಏನಾತ್ರಿ ಅಪ್ಪಾ? ಯಾರಿಗೇನಾತು?"

ಅವಳ ತಾಯಿ ತೀರಿಹೋದ ದಿನವೂ ನಾನು ಹೀಗೆಯೇ, ಪಾಠ ನಡೆದಾಗ ಶಾಲೆಯ ಅಂಗಳಕ್ಕೆ ಹೋಗಿ ನಿಂತಿದ್ದೆ. ಅವಳನ್ನು ಹೊರಗೆ ಕರೆಸಿದ್ದೆ.

"ಏನೂ ಆಗಿಲ್ಲವ್ವಾ. ಸೂಟಿ ಅಂತ ಬಂದೀನಿ."

"ಇವತ್ತ ಶುಕ್ರವಾರ ಅದಲ್ರಿ! ಎಲ್ಲಾರ ಮನಿಯವರು ಬರೂದು ರವಿವಾರ."

ಅವಳಿಗೆ ನಗೆ ಬಂತು. ಹಿಟ್ಟಿನ ಕೈಯಿಂದ ಕಣ್ಣು ಒರೆಸಿಕೊಂಡು ಮತ್ತೆ ನಕ್ಕಳು. ಒಳಗಿನಿಂದ ಒಂದು ಹುಡುಗಿ ಕೂಗಿತು, "ಏ ವಾಡಿ, ಹಂಚು ಕಾದದ ಬಾರs! ನಿಮ್ಮಪ್ಪಗ ಕ್ಯಾಲೆಂಡರ್ ಕೊಟ್ಟು ಕಳಸು!" ನನ್ನ ಮಗಳಿಗೆ ಅಲ್ಲಿ ಊರಿನ ಹೆಸರೇ ಅಡ್ಡಹೆಸರಾಗಿತ್ತು. ಒಂದು ಇಡೀ ಜಂಕ್ಷನ್ ಅವಳ ಪಾಲಿಗೆ ಬಂದಿತ್ತು.

"ಬ್ಯಾಸರಾಗ್ಯಾದೇನು?" ಎಂದು ಕೇಳಿದೆ. ದನಿ ಸಾಧ್ಯವಾದಷ್ಟು ನಿಷ್ಪಕ್ಷಪಾತವಾಗಿತ್ತು.

"ಮೊದಲ ಆಗಿತ್ರಿ. ಭಾಳ ಅತ್ತೆ." ಅವಳು ಒಳಗೆ ತಿರುಗಿ ನೋಡಿದಳು. "ಇವತ್ತ ರೊಟ್ಟಿ ಪಾಳಿ ನಂದು ಅದರಿ. ನೀವು ಕುಂದ್ರಿ, ಉಂಡು ಹೋಗ್ರಿ."

ಅಲ್ಲಿ ಬಂದವರನ್ನು ಪಂಕ್ತಿಯಲ್ಲೇ ಕೂಡಿಸುವ ಪದ್ಧತಿ. ಹುಡುಗಿಯರ ಸಾಲಿನ ಕೊನೆಗೆ, ಪ್ಯಾಸೆಂಜರ್ ಗಾಡಿಗೆ ತಪ್ಪಿ ಜೋಡಿಸಿದ ಸರಕು ಡಬ್ಬಿಯಂತೆ, ಕುಂತೆ. ಮಗಳು ತಂದು ಬಡಿಸಿದ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ಸೀದು, ಆಕಾರದಲ್ಲಿ ನಮ್ಮ ಖಣಿಯಲ್ಲಿ ಒಡೆದು ಬಿಸಾಡುವ ಫರಸಿಯಂತಿತ್ತು. ಮನೆಯಲ್ಲಿ ನಾನು ಅವಳನ್ನು ಒಲೆಯ ಹತ್ತಿರ ಬಿಟ್ಟವನೇ ಅಲ್ಲ, ಕೈ ಸುಟ್ಟುಕೊಂಡಾಳೆಂದು. ಎರಡನೆಯದನ್ನೂ ಕೇಳಿ ಹಾಕಿಸಿಕೊಂಡೆ. ಹೋಳಿಗೆಗಳು ಹುಡುಗಿಯರ ನಡುವೆ ಕ್ಷಣಾರ್ಧದಲ್ಲಿ ಸ್ವರ್ಗಸ್ಥವಾದವು.

ಮೋಟಾರು ಹೊರಡುವ ಹೊತ್ತಿಗೆ ಅವಳು ಊರ ಅಗಸೆಬಾಗಿಲ ತನಕ ಬಂದಳು. ಖಾಲಿ ಚೀಲ ನನ್ನ ಕಂಕುಳಲ್ಲಿತ್ತು. ಅದು ಯಾಕೆಂದು ಅವಳು ಕೇಳಲಿಲ್ಲ. ನೋಡಿದ್ದು ಮಾತ್ರ ಖರೆ.

"ರವಿವಾರ ಬರಲೇನು?"

"ಬರ್ರಿ." ಮತ್ತೆ ಹೇಳಿದಳು, "ಕರಕೊಂಡು ಹೋಗಲಿಕ್ಕೆ ಬ್ಯಾಡ್ರಿ ಅಪ್ಪಾ. ನೋಡಲಿಕ್ಕೆ ಬರ್ರಿ."

ಖಣಿಯ ಸೇಠರ ಹತ್ತಿರ ರವಿವಾರದ ಸೂಟಿ ಕೇಳಿದೆ. "ಮುನ್ಷೀಜಿ, ನೀವೂ ಹೊಸ ಸರಕಾರದ ಮನುಷ್ಯಾ ಆದ್ರೇನು?" ಎಂದು ನಕ್ಕರು, ಕೊಟ್ಟರು.

ಆ ದಿನ ಅಂಗಳದಲ್ಲಿ ಪಾಲಕರು ತುಂಬಿದ್ದರು. ಹೆಚ್ಚಿನವರು ಗಂಡ ಹೆಂಡತಿ ಜೋಡಿಯಾಗಿ ಬಂದು ಬುತ್ತಿ ಬಿಚ್ಚಿ ಕುಂತಿದ್ದರು. ಮಗಳು ಬಂದು ನನ್ನ ಹತ್ತಿರ ಕುಂತಳು, ಒಲೆ ಹಚ್ಚುತ್ತೀನೋ ಇಲ್ಲೋ ಎಂದು ವಿಚಾರಿಸಿದಳು, ನನ್ನ ಅಂಗಿಯ ಗುಂಡಿ ನೋಡಿದಳು. ಅಷ್ಟರಲ್ಲಿ ಮೈದಾನದಿಂದ ಅವಳ ಅಡ್ಡಹೆಸರಿನ ಕೂಗು ಬಂತು. ಏಳಲೋ ಬೇಡವೋ ಎಂಬಂತೆ ನನ್ನ ಮುಖ ನೋಡಿದಳು.

"ಹೋಗವ್ವಾ," ಎಂದೆ.

ಹೋದಳು. ಖೋಖೋ ಆಟ. ಅವಳು ಓಡುವುದು ಇಷ್ಟು ಜೋರೆಂದು ನನಗೆ ಗೊತ್ತಿರಲಿಲ್ಲ. ಹಿಂದಿನಿಂದ ಅಟ್ಟಿಸಿಕೊಂಡು ಬಂದ ಹುಡುಗಿಗೆ ಸಿಗದೆ ತಪ್ಪಿಸಿಕೊಂಡು ಗಕ್ಕನೆ ತಿರುಗಿದಳು, ಬಾಯಿ ತೆರೆದು ನಕ್ಕಳು. ಪಕ್ಕದಲ್ಲಿದ್ದ ಒಬ್ಬ ಯಜಮಾನರು, "ಆ ಓಡಲಿಕತ್ತಾಳಲ್ರಿ, ಯಾರ ಹುಡುಗೀರಿ ಅಕಿ?" ಎಂದು ಕೇಳಿದರು.

ಹೇಳಿದೆ. ಹೇಳಿ, ಮೋಟಾರಿಗೆ ಹೊತ್ತಾಗುವ ತನಕ ನೋಡುತ್ತ ಕುಂತೆ.